ಒಂದು ಜೋಡಿಗೆ ಎಷ್ಟು ಹೊತ್ತು

ಹೋದ ತಿಂಗಳು ಕಾಗವಾಡದಿಂದ ಅಥಣಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದು ಕುಳಿತಳು. ತುಂಬಿದ ಗೋಣಿಚೀಲವೊಂದನ್ನು ಕಾಲ ಬಳಿ ಒತ್ತಿಕೊಂಡಳು. ಹೊರಗೆ ಮಳೆ. ಕಿಟಕಿಯ ಗಾಜುಗಳನ್ನೆಲ್ಲ ಎಳೆದಿದ್ದರಿಂದ ಒಳಗಿನ ಗಾಳಿ ಎಲ್ಲಿಗೂ ಹೋಗುವಂತಿರಲಿಲ್ಲ. ಎರಡು ಸ್ಟಾಪು ದಾಟುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಂತು. ಜಾಲಿ ತೊಗಟೆಯಲ್ಲಿ ಹದವಾದ ಚರ್ಮ, ಅದಕ್ಕೆ ಸವರಿದ ಎಣ್ಣೆ, ಒದ್ದೆ ಗೋಣಿ.

ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿ ಕೇಳಿದ, "ಏನೈತಿ ಯಕ್ಕಾ ಇದರಾಗ?"

"ಚಪ್ಪಲ್ರಿ."

"ಎಷ್ಟು ಜೋಡ ಅದಾವ?"

"ಎಣಿಸಿದ್ರ ಲಗೇಜ್ ಹರೀತೀರಿ. ಎಣಸೂದ ಬ್ಯಾಡ ಬಿಡ್ರಿ."

ಅವನು ನಕ್ಕು ಮುಂದೆ ಹೋದ. ನಾನು ಮಾತ್ರ ನಾಲ್ಕು ವರ್ಷ ಹಿಂದಕ್ಕೆ ಹೋಗಿದ್ದೆ.

ವಾಸನೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಹಳೆಯದನ್ನು ತಂದುಕೊಡುತ್ತದೆ, ಆದರೆ ತೊಳೆದು, ಮಡಿಸಿ, ಇಸ್ತ್ರಿ ಮಾಡಿ ಕೊಡುತ್ತದೆ. ಬಸ್ಸಿನಲ್ಲಿ ಕುಳಿತಾಗ ನೆನಪಾದ ಹುಡುಗಿ, ಅಂದರೆ ಆಗಿನ ನಾನು, ತುಂಬ ಧೈರ್ಯದವಳಾಗಿದ್ದಳು. ಮನೆಗೆ ಬಂದು ಆ ವರ್ಷದ ಡೈರಿ ತೆಗೆದು ನೋಡಿದೆ. ಅದರಲ್ಲಿದ್ದವಳು ಅಷ್ಟೇನೂ ಧೈರ್ಯದವಳಲ್ಲ. ಡೈರಿಯನ್ನಾದರೂ ಎಷ್ಟು ನಂಬಲಿ, ಅದನ್ನು ಬರೆದವಳೂ ನಾನೇ. ಎರಡನ್ನೂ ಎದುರು ಬದುರು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಬೇಡಕಿಹಾಳ. ನಿಪ್ಪಾಣಿಯಲ್ಲಿ ಬಿ.ಕಾಂ. ಓದಿ, ಬೆಳಗಾವಿಯಲ್ಲಿ ಎಂ.ಕಾಂ. ಮುಗಿಸಿ, ಪುಣೆಯ ಒಂದು ಕನ್ಸಲ್ಟಿಂಗ್ ಸಂಸ್ಥೆಗೆ ಅನಲಿಸ್ಟ್ ಆಗಿ ಸೇರಿದ್ದೆ. ನನ್ನ ಜೊತೆ ಸೇರಿದವರೆಲ್ಲ ದೊಡ್ಡ ಕಾಲೇಜುಗಳ ಎಂಜಿನಿಯರುಗಳು. ನನ್ನನ್ನು ತೆಗೆದುಕೊಂಡದ್ದು ಕನ್ನಡ, ಮರಾಠಿ ಎರಡೂ ಬರುತ್ತವೆ, ಗಡಿ ಭಾಗದ ಕೆಲಸಕ್ಕೆ ಆಗುತ್ತಾಳೆ ಎಂದು. ಇದನ್ನು ಯಾರೂ ಮುಚ್ಚಿಡಲಿಲ್ಲ.

ಈ ಕೆಲಸ ಎಂದರೆ ಏನು ಎಂದು ಅಪ್ಪ ಕೇಳಿದ್ದರು. ಅಪ್ಪನದು ಊರಲ್ಲಿ ಹಿಟ್ಟಿನ ಗಿರಣಿ. ಕಂಪನಿಗಳ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಿ ಹೇಳುವುದು, ಎಂದೆ.

"ಅಂದ್ರ ಬ್ಯಾರೆಯವರ ಗಿರಣಿ ಎಲ್ಲಿ ಕೆಟ್ಟೈತಿ ಅಂತ ಹೇಳೂದು. ರಿಪೇರಿ ಯಾರು ಮಾಡ್ತಾರ?"

"ಅವರ ಮಾಡ್ಕೋಬೇಕಪ್ಪಾ."

"ಚಲೋ ಐತಿ ನಿಮ್ಮ ಉದ್ಯೋಗ," ಎಂದು ಅಪ್ಪ ಗಿರಣಿಯ ಬೆಲ್ಟಿಗೆ ಮೇಣ ಹಚ್ಚತೊಡಗಿದರು.

ಆ ಸಂಸ್ಥೆಯಲ್ಲಿ ಏಣಿ ಸ್ಪಷ್ಟವಾಗಿತ್ತು. ಎರಡು ವರ್ಷ ಅನಲಿಸ್ಟ್. ಊರೂರು ತಿರುಗಿ ಅಂಕಿ ತರುವುದು, ಅದನ್ನು ಹಾಳೆಯಲ್ಲಿ ಕೂರಿಸುವುದು, ಸ್ಲೈಡ್ ಮಾಡುವುದು. ಎರಡು ವರ್ಷದ ಕೊನೆಗೆ ಮ್ಯಾನೇಜರ್ ಒಂದು ಪತ್ರ ಬರೆಯುತ್ತಾರೆ. ಪತ್ರ ಚೆನ್ನಾಗಿದ್ದರೆ ಸಂಸ್ಥೆಯೇ ಅರ್ಧ ಶುಲ್ಕ ಕಟ್ಟಿ ದೊಡ್ಡ ಕಾಲೇಜಿಗೆ ಎಂಬಿಎ ಓದಲು ಕಳಿಸುತ್ತದೆ. ಓದಿ ಬಂದರೆ ಕನ್ಸಲ್ಟಂಟ್. ಪತ್ರ ಬರದಿದ್ದರೆ ಜಾಗ ಖಾಲಿ ಮಾಡಬೇಕು, ಅಲ್ಲೇ ಉಳಿಯುವ ಮೂರನೆಯ ದಾರಿ ಇರಲಿಲ್ಲ. ಹೀಗಾಗಿ ಆ ಎರಡನೆಯ ವರ್ಷದ ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಪತ್ರ ಬಂತೇನು?"

ಪತ್ರ ಬರೆಯಬೇಕಾದವರು ಆನಂದ ಸರ್. ವಿಜಯಪುರದ ಕಡೆಯವರು, ನಲವತ್ತರ ಒಳಗಿನವರು, ಅನಲಿಸ್ಟ್ ಆಗಿ ಸೇರಿ ಅದೇ ಏಣಿ ಹತ್ತಿದವರು. ಕನ್ನಡದಲ್ಲಿ ಮಾತಾಡಿದರೆ ನಮ್ಮವರೇ ಅನ್ನಿಸುತ್ತಿದ್ದರು, ಸ್ಲೈಡ್ ತೋರಿಸುವಾಗ ಬೇರೆಯೇ ಮನುಷ್ಯ. ನನ್ನ ಇಂಗ್ಲಿಷನ್ನು ಒಮ್ಮೆ ಎಲ್ಲರೆದುರು ತಿದ್ದಿದ್ದರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದರಲ್ಲಿ ಆ ಸಿಟ್ಟಿನ ಪಾಲು ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಮಳೆಗಾಲದ ಕೆಲಸ ಚಪ್ಪಲಿಯದು. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳಲ್ಲಿ ಎಷ್ಟೋ ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗ ಕಡೆಯ ಓಣಿಗಳಲ್ಲಿ ಕೈಯಿಂದ ಆದವು. ಒಂದು ಚಪ್ಪಲಿ ಕಂಪನಿ ಈ ಮನೆಗಳಿಂದ ನೇರವಾಗಿ ಮಾಲು ಕೊಳ್ಳಬೇಕೆಂದಿತ್ತು. ಅದಕ್ಕೂ ಮೊದಲು ಅವರಿಗೆ ಒಂದು ಅಂಕಿ ಬೇಕಿತ್ತು. ಒಂದು ಜೋಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ಅದರ ಮೇಲೆ ಜೋಡಿಗೆ ಇಷ್ಟು ಕೂಲಿ, ದಿನಕ್ಕೆ ಇಷ್ಟು ಜೋಡಿ ಎಂದು ಕಟ್ಟುವವರಿದ್ದರು. ಆ ಅಂಕಿ ತರುವವಳು ನಾನು. ಚಿಕ್ಕೋಡಿಯಲ್ಲಿ ಒಂದು ಕೋಣೆ, ಕುತ್ತಿಗೆಗೆ ಸ್ಟಾಪ್‌ವಾಚ್, ಬಗಲಿಗೆ ಫಾರ್ಮುಗಳ ಚೀಲ. ಮೂರು ತಾಲೂಕು, ಮೂವತ್ತೊಂದು ಮನೆ.

ಮೊದಲ ಮನೆ ಅಥಣಿ ಹತ್ತಿರದ ಒಂದು ಹಳ್ಳಿಯ ಶಾಂತವ್ವನದು. ಗಂಡ ಬಾಳಪ್ಪ, ಜೊತೆಗೆ ಅತ್ತೆ. ಬಾಳಪ್ಪ ಚಪ್ಪಲಿಯ ಅಡಿಗೆ ಬರುವ ಅಟ್ಟೆ ಕತ್ತರಿಸುತ್ತಿದ್ದ, ಶಾಂತವ್ವ ಹೊಲಿಯುತ್ತಿದ್ದಳು, ಅತ್ತೆ ಮೇಲಿನ ಪಟ್ಟಿಗೆ ಚರ್ಮದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿದ್ದಳು. ಫಾರ್ಮಿನಲ್ಲಿ 'ಕುಶಲಕರ್ಮಿಯ ಹೆಸರು' ಎಂದು ಒಂದೇ ಗೆರೆ ಇತ್ತು. ಬಾಳಪ್ಪ ಎಂದು ಬರೆದೆ. ಆಗ ನನಗೆ ಏನೂ ಅನ್ನಿಸಲಿಲ್ಲ.

ಆ ದಿನ ಚಹಾ ಕೊಡುವ ಮೊದಲು ಶಾಂತವ್ವ ನನ್ನ ಮುಖ ನೋಡಿದಳು. ಏನು ಕೇಳುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಚರ್ಮದ ಕೆಲಸದ ಓಣಿಗೆ ಕೆಲಸವಿಟ್ಟುಕೊಂಡು ಬರುವವರು ಬಹಳ ಜನ. ಅಲ್ಲಿ ಕುಳಿತು ಚಹಾ ಕುಡಿಯುವವರು ಕಡಿಮೆ. ಈಗಷ್ಟೇ ಆತು, ಹೊಟ್ಟಿ ತುಂಬೈತಿ ಎಂಬ ಮಾತುಗಳು ಎಲ್ಲರ ಬಾಯಲ್ಲೂ ತಯಾರಿರುತ್ತವೆ. ನಮ್ಮ ಮನೆಯವರ ಬಾಯಲ್ಲೂ ಕೇಳಿದ್ದೇನೆ. ನಾನು ಕಪ್ಪು ತೆಗೆದುಕೊಂಡೆ. ಸಕ್ಕರೆ ಜಾಸ್ತಿಯಾಗಿದೆ ಎಂದೂ ಹೇಳಿದೆ. ಶಾಂತವ್ವ ನಕ್ಕಳು.

ಮೂರು ದಿನದಲ್ಲಿ ಆ ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಬೀಗರು, ನೆಂಟರು, ಫೋನು. ರಾಯಬಾಗದ ಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಕೇಳಿಸಿತು: "ಚಾ ಕುಡಿಯು ಅಕ್ಕಾರು ಬಂದ್ರು, ಚಾಪಿ ಹಾಸ್ರಿ." ಅದನ್ನು ನಾನು ಡೈರಿಯಲ್ಲಿ ಎಷ್ಟು ಹೆಮ್ಮೆಯಿಂದ ಬರೆದಿದ್ದೇನೆಂದರೆ ಈಗ ಓದಲು ಮುಜುಗರವಾಗುತ್ತದೆ.

ಕೆಲಸ ಸರಾಗವಾಗಿ ನಡೆಯಿತು. ಹಿಂದಿನ ದಿನ ಫೋನ್ ಮಾಡಿ ಬರುತ್ತೇನೆಂದು ಹೇಳುವುದು, ಬೆಳಿಗ್ಗೆ ಬಸ್ಸಿಗೆ ಹೋಗುವುದು, ಅವರು ಶುರು ಮಾಡುತ್ತಲೇ ವಾಚ್ ಒತ್ತುವುದು, ಜೋಡಿ ಮುಗಿದಾಗ ನಿಲ್ಲಿಸುವುದು. ಸಂಜೆ ಬಸ್ಸಿಗೆ ವಾಪಸು. ಆಷಾಢ ಮುಗಿಯುವ ಹೊತ್ತಿಗೆ ಮೂವತ್ತೊಂದು ಅಂಕಿ ಕೈಯಲ್ಲಿದ್ದವು. ಎಲ್ಲವೂ ಐದು ತಾಸಿನ ಆಜುಬಾಜು. ಹಾಳೆಯಲ್ಲಿ ಕೂರಿಸಿ ಗೆರೆ ಎಳೆದರೆ ಚುಕ್ಕೆಗಳೆಲ್ಲ ಕೈ ಹಿಡಿದುಕೊಂಡ ಹಾಗೆ ಒಟ್ಟಿಗೆ ನಿಂತಿದ್ದವು.

ಆನಂದ ಸರ್ ಫೋನಿನಲ್ಲೇ ಹೊಗಳಿದರು. "ಇಷ್ಟು ಸ್ವಚ್ಛ ಡೇಟಾ ನಾನು ಫೀಲ್ಡಿನಿಂದ ನೋಡೇ ಇಲ್ಲ. ನಿನ್ನ ಪತ್ರ ನಾನು ಬರೆದಂಗ ಅಂತ ತಿಳ್ಕೋ."

ಅಪ್ಪನಿಗೆ ಹೇಳಿದೆ. ಅಪ್ಪ ಗಿರಣಿಗೆ ಬಂದವರಿಗೆಲ್ಲ ಹೇಳಿದರು.

ಕಂಪನಿಯ ಮುಂದೆ ವರದಿ ಇಡುವ ದಿನ ಗೊತ್ತಾಯಿತು, ಜಾಗ ನಿಪ್ಪಾಣಿಯ ಒಂದು ಸಭಾಗೃಹ. ಅದಕ್ಕೆ ಒಂದು ವಾರವಿದ್ದಾಗ ಒಂದೆರಡು ಫೋಟೋ ಬೇಕಾದವು. ಶಾಂತವ್ವನಿಗೆ ಗುರುವಾರ ಬರುತ್ತೇನೆ, ಇನ್ನೊಂದು ಜೋಡಿ ಮಾಡಿ ತೋರಿಸು ಎಂದಿದ್ದೆ. ಬುಧವಾರ ಬೆಳಿಗ್ಗೆ ಕೃಷ್ಣೆ ಏರುತ್ತಿದೆ, ಸೇತುವೆ ಮೇಲೆ ನೀರು ಬಂದರೆ ಬಸ್ ನಿಲ್ಲಿಸುತ್ತಾರೆ ಎಂದು ಸುದ್ದಿ ಬಂತು. ನಾಳೆ ಆಗದಿದ್ದರೆ ಎಂದು ಅವತ್ತೇ ಹೊರಟೆ. ಫೋನ್ ಮಾಡಲಿಲ್ಲ. ಸಿಗ್ನಲ್ ಇರಲಿಲ್ಲವೋ, ಬೇಕಾಗಿಲ್ಲ ಎಂದುಕೊಂಡೆನೋ ನೆನಪಿಲ್ಲ. ಡೈರಿಯಲ್ಲೂ ಇಲ್ಲ.

ಹನ್ನೊಂದರ ಸುಮಾರಿಗೆ ಹೋದೆ. ಬಾಗಿಲು ತೆರೆದಿತ್ತು. ಬಾಳಪ್ಪ ಒದ್ದೆ ಚರ್ಮವನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದ, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಆಗಲೇ ಕತ್ತರಿಸಿದ ಅಟ್ಟೆಗಳು ಒದ್ದೆ ಗೋಣಿಯ ಕೆಳಗಿದ್ದವು. ಅತ್ತೆ ಹೆಣಿಗೆಯ ಪಟ್ಟಿ ಮುಗಿಸಿ ಇನ್ನೊಂದಕ್ಕೆ ಎಳೆ ಸೀಳುತ್ತಿದ್ದಳು. ನನ್ನನ್ನು ನೋಡಿ ಶಾಂತವ್ವ ಎದ್ದು ನಿಂತಳು. ಮುಖದ ಮೇಲೆ ನಾಚಿಕೆ, ಅಡಿಗೆ ಆಗುವ ಮೊದಲೇ ಬೀಗರು ಬಂದರೆ ಆಗುವಂಥದ್ದು.

"ನಾಳೆ ಬರಾಕಿ ಇದ್ರಲ್ರಿ ಅಕ್ಕಾರ."

"ಹೊಳಿ ಏರಾಕತ್ತೈತಿ, ಅದಕ್ಕ ಇವತ್ತ ಬಂದೆ. ಇದು ಯಾರ ಜೋಡ?"

"ನಿಮ್ಮದ."

"ನಂದಂದ್ರ?"

"ನಾಳೆ ನೀವು ಗಡಿಯಾರ ಹಿಡ್ಕೊಂಡ ಕುಂಡ್ರೂದಲ್ಲ, ಅದು."

ನನಗೆ ಇನ್ನೂ ತಿಳಿಯಲಿಲ್ಲ. ಬಾಳಪ್ಪ ಬಡಿಯುವುದನ್ನು ನಿಲ್ಲಿಸಿ ವಿವರಿಸಿದ. "ಚರ್ಮ ನೆನೀಬೇಕು, ಬಡೀಬೇಕು, ಆರಬೇಕು. ಈ ಮಳ್ಯಾಗ ಆರತೈತೇನ್ರಿ ಅದು? ಹೆಣಿಗಿ ಅವ್ವಗ ಒಂದ ದಿನ. ಅಷ್ಟೊತ್ತೂ ನಿಮ್ಮನ್ನ ಚಾಪಿ ಮ್ಯಾಲ ಕುಂಡ್ರಸೂದು ಹೆಂಗ? ನಾಕೂವರಿಗೆ ನಿಮ್ಮ ಬಸ್ಸು. ಅದಕ್ಕ ಅರ್ಧಾ ಮುಗಿಸಿ ಇಟ್ಟಿರತೇವಿ. ನೀವು ಬಂದ ಮ್ಯಾಲ ಉಳಿದದ್ದು ಜೋಡಿಸಿ, ಬಸ್ಸಿಗೆ ಬಿಡತೇವಿ."

"ಎಲ್ಲಾ ಮನ್ಯಾಗೂ ಹಿಂಗ?"

"ಎಲ್ಲಾರ್ಗೂ ನಾನ ಹೇಳೇನಿ," ಎಂದಳು ಶಾಂತವ್ವ. ಹೆಮ್ಮೆಯಿಂದಲೇ ಹೇಳಿದಳು. "ಅಕ್ಕಾರು ನಮ್ಮ ಚಾ ಕುಡದಾರ. ಅವರ ಬಸ್ ತಪ್ಪಸಬ್ಯಾಡ್ರಿ ಅಂತ."

ನಾನು ಕುಳಿತುಬಿಟ್ಟೆ. ಐದು ತಾಸು. ಮೂವತ್ತೊಂದು ಮನೆಯಲ್ಲೂ ಐದು ತಾಸು. ಬೆಳಗಿನ ಬಸ್ಸಿಗೂ ಸಂಜೆಯ ಬಸ್ಸಿಗೂ ನಡುವಿನ ಹೊತ್ತು. ಎರಡು ತಿಂಗಳು ನಾನು ಅಳೆದದ್ದು ಸರ್ಕಾರಿ ಬಸ್ಸಿನ ವೇಳಾಪಟ್ಟಿಯನ್ನು.

"ಯಾಕ ಅಕ್ಕಾರ, ಜೋಡ ಚಲೋ ಬರ್ತಿರಲಿಲ್ಲೇನು?" ಎಂದು ಅತ್ತೆ ಕೇಳಿದಳು.

ಆಗ ಹೇಳಬೇಕಾಯಿತು. ಆ ಅಂಕಿ ಎಲ್ಲಿಗೆ ಹೋಗುತ್ತದೆ, ಅದರ ಮೇಲೆ ಏನು ಕಟ್ಟುತ್ತಾರೆ, ಐದು ತಾಸಿಗೆ ಒಂದು ಜೋಡಿ ಎಂದರೆ ದಿನಕ್ಕೆ ಎಷ್ಟು ಕೇಳುತ್ತಾರೆ, ಕೂಲಿ ಎಷ್ಟಕ್ಕೆ ಇಳಿಯುತ್ತದೆ. ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು. ಹೇಳಿರಲಿಲ್ಲ. ಹೇಳಿದರೆ ನಿಧಾನ ಮಾಡುತ್ತಾರೆ, ಡೇಟಾ ಕೆಡುತ್ತದೆ ಎಂದು ನಮ್ಮ ತರಬೇತಿಯಲ್ಲಿ ಕಲಿಸಿದ್ದರು.

ಶಾಂತವ್ವ ಗೋಣಿಯ ಕೆಳಗಿನ ಅಟ್ಟೆ ತೆಗೆದು ನೋಡಿ, ಅಲ್ಲೇ ಇಟ್ಟಳು. "ನಾವು ನಿಮಗ ಮಾನ ಕೊಟ್ಟಿವಿ," ಎಂದಳು. ಅಷ್ಟೇ.

ಮಾರನೆಯ ದಿನ ಆನಂದ ಸರ್ ಚಿಕ್ಕೋಡಿಗೆ ಬಂದರು. ಖಾನಾವಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಒಂದು ಅಡಿಟಿಪ್ಪಣಿ ಹಾಕೋಣು. ಮಳೆಗಾಲದಾಗ ತೆಗೆದ ಅಂಕಿ, ಬದಲಾಗಬಹುದು ಅಂತ."

"ಸರ್, ಅಂಕಿ ಬದಲಾಗೂದಲ್ಲ, ಪೂರಾ ತಪ್ಪೈತಿ."

"ಯಾವ ಅಂಕಿ ಪೂರಾ ಸರಿ ಇರತೈತಿ ಹೇಳು."

"ಇದು ಅವರ ಕೂಲಿ ಸರ್."

ಅವರು ಆಗ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ದಣಿವಿತ್ತು ಎಂದು ಡೈರಿ ಹೇಳುತ್ತದೆ, ನನ್ನ ನೆನಪಿನಲ್ಲಿ ಅದು ತಿರಸ್ಕಾರವಾಗಿ ಉಳಿದಿದೆ. "ನೋಡವಾ, ನಾನೂ ನಿನ್ನಂಗ ಬಂದಾಂವ. ಎರಡು ತಿಂಗಳ ಕೆಲಸ ಹುಸಿ ಆತು ಅಂತ ಗಿರಾಕಿ ಮುಂದ ಹೇಳಿದ್ರ ಮೊದಲ ಹೋಗೂದು ನಿನ್ನ ಹೆಸರು, ಆಮ್ಯಾಲ ನಂದು. ನಿನ್ನ ಪತ್ರದಾಗ ನಾ ಏನ ಬರೀಲಿ? ಮೂವತ್ತೊಂದು ಸಲ ತಪ್ಪ ಅಳತಿ ತಗೊಂಡಾಳ ಅಂತನ?"

"ಹಂಗ ಬರೀರಿ."

ಹೀಗೆ ಹೇಳಿದೆನೇ? ಬಸ್ಸಿನಲ್ಲಿ ನೆನಪಾದದ್ದು ಹೀಗೆ. ಡೈರಿಯಲ್ಲಿ ಆ ಸಾಲೇ ಇಲ್ಲ. 'ಏನೂ ಹೇಳಲಾಗಲಿಲ್ಲ. ಮಜ್ಜಿಗೆ ಕುಡಿದೆ' ಎಂದಿದೆ. ಡೈರಿಯೇ ನಿಜವಿರಬೇಕು. ಸರಿಯಾದ ಮಾತು ನನಗೆ ಯಾವಾಗಲೂ ಕೈ ತೊಳೆದ ಮೇಲೇ ಹೊಳೆಯುವುದು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಪತ್ರ ಬರುವುದಿಲ್ಲ ಅನ್ನಿಸುತ್ತದೆ ಎಂದು ಹೇಳಿ ಅತ್ತುಬಿಟ್ಟೆ. ಅಪ್ಪ ಪೂರ್ತಿ ಕೇಳಿದರು. ಹಿಂದೆ ಗಿರಣಿ ತಿರುಗುವ ಸದ್ದಿತ್ತು, ಹಾಗಾಗಿ ಕೂಗಿಯೇ ಮಾತಾಡಿದರು.

"ತೂಕ ತಪ್ಪಿದ್ರ ಮತ್ತೊಮ್ಮೆ ತೂಗಬೇಕು. ಇದಕ್ಕ ಇಷ್ಟ್ಯಾಕ ಅಳಾಕತ್ತಿ?"

"ಎಂಬಿಎ ಹೋಗತೈತಪ್ಪಾ."

"ಅದು ಹೋಗ್ಲಿ ಅಂತ ನಾ ಅನ್ನಾಂಗಿಲ್ಲ. ಆದ್ರ ತೂಗು."

ಸಭೆಯ ದಿನ ಜೋರು ಮಳೆ ಎಂದೇ ನನ್ನ ನೆನಪು. ಡೈರಿಯಲ್ಲಿ 'ಬಿಸಿಲು, ಸೆಕೆ' ಎಂದಿದೆ. ಇರಲಿ. ಮುಂದಿನ ಸಾಲಿನಲ್ಲಿ ಕಂಪನಿಯ ಸಾಹೇಬರು, ಅವರ ಜೊತೆ ಇಬ್ಬರು. ಓಣಿಗಳಿಂದ ಹತ್ತಾರು ಜನರನ್ನು ಕರೆಸಿ ಹಿಂದೆ ಕೂರಿಸಿದ್ದರು. ಚಹಾ ಬಿಸ್ಕೀಟು ಮುಂದಿನ ಸಾಲಿನಲ್ಲೇ ನಿಂತಿತು. ಬಾಳಪ್ಪ, ಶಾಂತವ್ವ ಇಬ್ಬರೂ ಬಂದಿದ್ದರು. ಶಾಂತವ್ವ ನನ್ನ ಕಡೆ ನೋಡಲಿಲ್ಲ.

ಆನಂದ ಸರ್ ಪ್ರಸ್ತಾವನೆ ಮುಗಿಸಿ, ಸಮಯದ ಭಾಗ ನಮ್ಮ ಅನಲಿಸ್ಟ್ ಹೇಳುತ್ತಾರೆ ಎಂದರು. ಪರದೆಯ ಮೇಲೆ ಕೈ ಹಿಡಿದುಕೊಂಡ ಆ ಚುಕ್ಕೆಗಳು ಬಂದವು. ಕೆಳಗೆ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ ಇತ್ತು. ನನ್ನನ್ನು ಕೇಳದೆ ಹಾಕಿದ್ದರು.

ನಾನು ಹೇಳಿದ್ದನ್ನು ಡೈರಿಯಿಂದಲೇ ಎತ್ತಿ ಬರೆಯುತ್ತೇನೆ. 'ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎರಡು ವಾಕ್ಯಕ್ಕೇ ನಿಂತಿತು. ಮರಾಠಿಗೆ ಬಂದೆ, ಆಮೇಲೆ ಕನ್ನಡಕ್ಕೆ. ಈ ಅಂಕಿ ತಪ್ಪು, ತಂದವಳು ನಾನೇ, ಇದರ ಮೇಲೆ ಏನನ್ನೂ ಕಟ್ಟಬೇಡಿ ಎಂದೆ. ಬಸ್ಸಿನ ಕಥೆ ಹೇಳಿದೆ. ಯಾರೋ ನಕ್ಕರು.'

ಕಂಪನಿಯ ಸಾಹೇಬರು ನಗಲಿಲ್ಲ. ಹಿಂದಿನ ಸಾಲಿನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು. ಅಂದರೆ ನೀವು ಮೊದಲೇ ಮಾಡಿಟ್ಟು ನಮಗೆ ಮೋಸ ಮಾಡಿದಿರಿ, ಹೌದೋ ಅಲ್ಲವೋ?

ಈ ತಿರುವು ಬರುತ್ತದೆಂದು ನಾನು ಎಣಿಸಿರಲಿಲ್ಲ. ನನ್ನ ತಪ್ಪು ಒಪ್ಪಿಕೊಳ್ಳುವ ಭರದಲ್ಲಿ ಅವರನ್ನು ಕಟಕಟೆಗೆ ಹತ್ತಿಸಿದ್ದೆ.

ಬಾಳಪ್ಪ ಎದ್ದು ನಿಂತ. "ಮೋಸ ಮಾಡಾಂವ ಹೊತ್ತು ಜಾಸ್ತಿ ತೋರಸ್ತಾನ್ರಿ ಸಾಹೇಬ್ರ, ಕಡಿಮಿ ತೋರಸ್ತಾನೇನು? ನಮ್ಮ ಕೂಲಿ ನಾವ ಕಡಿಮಿ ಮಾಡ್ಕೊಂಡಿದ್ವಿ. ಇಂಥ ಮೋಸಗಾರರು ಸಿಕ್ರ ಬಿಡಬ್ಯಾಡ್ರಿ."

ಹಿಂದಿನ ಸಾಲು ನಕ್ಕಿತು. ಶಾಂತವ್ವ ಕುಳಿತಲ್ಲಿಂದಲೇ ಹೇಳಿದಳು, "ಇನ್ನೊಮ್ಮೆ ಅಳೀರಿ. ನೀವೂ ಬರ್ರಿ ಸಾಹೇಬ್ರ. ಚರ್ಮ ನೀರಿಗೆ ಹಾಕೂದರಿಂದ ಹಿಡ್ದು ಕುಂದರ್ರಿ. ಈ ಸಲ ಚಾ ಕೊಡಾಂಗಿಲ್ಲ, ಚಾಪಿ ಹಾಸಾಂಗಿಲ್ಲ, ಬಸ್ಸಿನ ಟೈಮೂ ಕೇಳಾಂಗಿಲ್ಲ."

ಆಮೇಲೆ ನಡೆದದ್ದನ್ನು ನಾನು ವರ್ಷಗಟ್ಟಲೆ ತಪ್ಪಾಗಿ ನೆನಪಿಟ್ಟುಕೊಂಡಿದ್ದೆ. ಆನಂದ ಸರ್ ನನ್ನನ್ನು ಸುಡುವಂತೆ ನೋಡಿ ಸುಮ್ಮನೆ ಕುಳಿತರು ಎಂದು. ಡೈರಿ ಬೇರೆಯದನ್ನು ಹೇಳುತ್ತದೆ. ಅವರು ಎದ್ದು, ಮೂರು ವಾರ ಕೊಡಿ, ಮತ್ತೆ ಅಳೆಯುತ್ತೇವೆ, ಖರ್ಚು ನಮ್ಮದು ಎಂದರು. ಆ ಮಾತಿನಿಂದ ಅವರಿಗೆ ಪುಣೆಯಲ್ಲಿ ಏನಾಯಿತು ಎಂದು ನಾನು ಕೇಳಲೇ ಇಲ್ಲ. ಕೇಳಿದ್ದರೆ ಅವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಆ ಮೂರು ವಾರ ಶಾಂತವ್ವನ ಹಳ್ಳಿಯಲ್ಲೇ ಒಂದು ಕೋಣೆ ಹಿಡಿದು ಆ ಓಣಿಯ ಮನೆಗಳನ್ನು ಅಳೆದೆ. ಶಾಂತವ್ವ ಹೇಳಿದ್ದನ್ನು ಅಕ್ಷರಶಃ ನಡೆಸಿದರು. ಬೆಳಿಗ್ಗೆ ಹೋದರೆ ಬನ್ನಿ ಎನ್ನುತ್ತಿರಲಿಲ್ಲ. ಚಾಪೆ ಇಲ್ಲ. ನಾನೇ ಒಂದು ಇಟ್ಟಿಗೆ ಎಳೆದುಕೊಂಡು ಕೂರುತ್ತಿದ್ದೆ. ಮನೆಯವರು ಚಹಾ ಕುಡಿಯುತ್ತಿದ್ದರು, ನನಗೆ ಕೊಡುತ್ತಿರಲಿಲ್ಲ. ಒಮ್ಮೆ ಅತ್ತೆ ಮರೆತು ಕಪ್ಪು ಚಾಚಿದಾಗ ಶಾಂತವ್ವ ತಡೆದಳು: "ಕೊಡಬ್ಯಾಡ್ರಿ ಅತ್ತೀ. ಮತ್ತ ಕೆಡತೈತಿ ಲೆಕ್ಕ." ಅತ್ತೆ ನಕ್ಕು ತಾನೇ ಕುಡಿದಳು. ಕಂಪನಿಯ ಸಾಹೇಬರು ಒಂದು ದಿನ ನಿಜವಾಗಿಯೂ ಬಂದರು. ಕಟ್ಟೆಯ ಮೇಲೆ ಹನ್ನೆರಡರ ತನಕ ಕುಳಿತು, ಸೊಂಟ ಹಿಡಿದುಕೊಂಡು ಎದ್ದು, ಚರ್ಮ ಇನ್ನೂ ಒದ್ದೆಯೇ ಇದೆಯಲ್ಲ ಎಂದು ಕೇಳಿ ಹೋದರು.

ಫಾರ್ಮಿನ 'ಕುಶಲಕರ್ಮಿಯ ಹೆಸರು' ಎಂಬಲ್ಲಿ ನಾನು ಪೆನ್ನಿನಿಂದ ಇನ್ನೆರಡು ಗೆರೆ ಎಳೆದೆ. ಬಾಳಪ್ಪನ ಕೈ ಇಷ್ಟು ಹೊತ್ತು, ಶಾಂತವ್ವನ ಕೈ ಇಷ್ಟು ಹೊತ್ತು, ಅತ್ತೆಯ ಕೈ ಇಷ್ಟು ಹೊತ್ತು. ಮೂರನ್ನೂ ಕೂಡಿಸಿದರೆ ಮೊದಲಿನ ಅಂಕಿಯ ಎರಡೂವರೆ ಪಟ್ಟು ಬಂತು. ಈ ಸಲ ಚುಕ್ಕೆಗಳು ಒಟ್ಟಿಗೆ ನಿಲ್ಲಲಿಲ್ಲ. ಒಂದು ಮನೆಯಲ್ಲಿ ಮಗುವಿಗೆ ಜ್ವರ, ಇನ್ನೊಂದರಲ್ಲಿ ದಬ್ಬಳ ಮುರಿಯಿತು, ಮತ್ತೊಂದರಲ್ಲಿ ಮುದುಕಿಯ ಕಣ್ಣು ಮಂಜು. ಹಾಳೆ ನೋಡಲು ಚೆಂದವಿರಲಿಲ್ಲ.

ಕೊನೆಯ ವರದಿಗೆ ಈ ಹೊಸ ಅಂಕಿಯೇ ಸೇರಿತು. ದಿನಕ್ಕೆ ಇಷ್ಟು ಜೋಡಿ ಎಂಬ ಗುರಿಯನ್ನು ಒಬ್ಬನ ಮೇಲೆ ಹೇರದೆ ಮನೆಯ ಮೇಲೆ ಕಟ್ಟಬೇಕು ಎಂದೂ ಇತ್ತು. ಕಂಪನಿ ಎರಡು ತಿಂಗಳು ಸುಮ್ಮನಿದ್ದು, ಆ ಅಳತೆಯ ಮೇಲೇ ಕೂಲಿ ನಿಗದಿ ಮಾಡಿತು. ಮೊದಲು ಹೇಳಿದಷ್ಟು ಮನೆಗಳನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಬಿಟ್ಟುಹೋದ ಮನೆಯವರು ನನ್ನನ್ನು ಬೈದಿರಬಹುದು. ಬೈದರೆ ಅವರದೂ ತಪ್ಪಲ್ಲ. ವರದಿ ತಯಾರಿಸಿದವರ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಪತ್ರದ ದಿನ ಆನಂದ ಸರ್ ಕರೆದು ಕರಡು ತೋರಿಸಿದರು. ಶ್ರಮಜೀವಿ, ಪ್ರಾಮಾಣಿಕಳು, ತಂಡದೊಂದಿಗೆ ಹೊಂದಿಕೊಳ್ಳುವುದನ್ನು ಇನ್ನೂ ಕಲಿಯಬೇಕು. ಮೂರು ಸಾಲು. ಆ ಮೂರನೆಯ ಸಾಲಿದ್ದರೆ ಶುಲ್ಕ ಯಾರೂ ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಇದಕ್ಕಿಂತ ಚಲೋ ಬರ್ಯಾಕ ನನಗ ಆಗೂದಿಲ್ಲ," ಎಂದರು.

"ಹಂಗಾದ್ರ ಬ್ಯಾಡ ಸರ್," ಎಂದೆ. ಇದನ್ನು ಹೇಳಿದ್ದು ನಿಜ. ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ, ಎರಡರಲ್ಲೂ ಒಂದೇ ರೀತಿ. ಕಾಗದವನ್ನು ಮೇಜಿನ ಮೇಲೇ ಬಿಟ್ಟು ಬಂದೆ.

ಆಮೇಲಿನ ವರ್ಷಗಳನ್ನು ಇಲ್ಲಿ ಬೆಳೆಸುವುದಿಲ್ಲ. ಚಿಕ್ಕೋಡಿಯಲ್ಲಿ ಒಂದು ಮೇಜು ಹಾಕಿಕೊಂಡು ಸಣ್ಣ ಘಟಕಗಳಿಗೆ ಯೋಜನಾ ವರದಿ ಬರೆದುಕೊಡುತ್ತಿದ್ದೇನೆ. ಬೆಲ್ಲದ ಗಾಣ, ಹಾಲಿನ ಡೇರಿ, ಅರಿಶಿನ ಪುಡಿ ಮಾಡುವವರು. ಕಾಲೇಜು ಮುಗಿಸಿದ ಹುಡುಗಿಯರು ಬಂದು ಕೇಳುತ್ತಾರೆ: ಈ ಕೆಲಸಕ್ಕೆ ಎಂಬಿಎ ಬೇಕೇ ಬೇಕೇನು? ಬಾಗಿಲು ತೆರೆಯಲು ಬೇಕು ಎನ್ನುತ್ತೇನೆ, ಸುಳ್ಳು ಹೇಳುವುದಿಲ್ಲ. ಡಿಗ್ರಿ ಬೇಡ ಎಂದು ಎದೆ ತಟ್ಟಿಕೊಳ್ಳುವುದು ಅದು ಸಿಗದವರ ಸಮಾಧಾನವಾಗುತ್ತದೆ. ನನಗೆ ಅದು ಬೇಕಿತ್ತು. ಆನಂದ ಸರ್ ಪತ್ರವಿಲ್ಲದೆ ಬೇಕಿತ್ತು.

ಹೋದ ವರ್ಷ ಪರೀಕ್ಷೆ ಬರೆದು, ಬೆಳಗಾವಿಯ ಒಂದು ಕಾಲೇಜಿನ ಶನಿವಾರ-ಭಾನುವಾರದ ಎಂಬಿಎಗೆ ಅರ್ಜಿ ಹಾಕಿದೆ. ಅದರಲ್ಲೂ ಒಂದು ಖಾನೆ ಇತ್ತು: ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿ ಶಿಫಾರಸು ಮಾಡಬಲ್ಲವರು. ಆನಂದ ಸರ್ ಹೆಸರು ಬರೆಯಬಹುದಿತ್ತು. ಆ ಮೂರು ವರ್ಷದಲ್ಲಿ ಮೂರನೆಯ ಸಾಲನ್ನು ಕೈಬಿಡುವಷ್ಟು ಮೆತ್ತಗಾಗಿರುತ್ತಿದ್ದರೋ ಏನೋ. ನಾನು ಶಾಂತವ್ವನ ಹೆಸರು ಬರೆದೆ. ಉದ್ಯೋಗ: ಚಪ್ಪಲಿ ತಯಾರಿಕೆ. ಅರ್ಜಿದಾರರ ಪರಿಚಯ ಎಷ್ಟು ಕಾಲದಿಂದ: ಒಂದು ಮಳೆಗಾಲ.

ಕಾಲೇಜಿನಿಂದ ಫೋನ್ ಬಂತು. ಮಾತಾಡಿದವರು ಸೌಜನ್ಯದವರು. ಮೇಡಂ, ಈ ಜಾಗದಲ್ಲಿ ನಿಮ್ಮ ಮೇಲಧಿಕಾರಿಯ ಹೆಸರು ಬೇಕು, ನಿಮ್ಮ ಕೆಲಸವನ್ನು ಪರೀಕ್ಷಿಸಿದವರು ಯಾರಾದರೂ, ಎಂದರು.

"ಪರೀಕ್ಷಿಸಿದವರು ಅವರೇ," ಎಂದೆ. "ನಂಬರ್ ಅಲ್ಲೇ ಇದೆ. ಕೇಳಿ ನೋಡಿ. ಬೇರೆ ಹೆಸರು ಕೊಡುವುದಿಲ್ಲ."

ಸೀಟು ಸಿಕ್ಕಿತು. ಪರೀಕ್ಷೆಯ ಅಂಕದಿಂದ ಸಿಕ್ಕಿತೋ, ಅವರು ಮಾಡಿದ ಫೋನಿನಿಂದ ಸಿಕ್ಕಿತೋ ನನಗೆ ಗೊತ್ತಿಲ್ಲ. ಫೋನ್ ಮಾಡಿದ್ದು ಮಾತ್ರ ಖಾತ್ರಿ, ಏಕೆಂದರೆ ಅದೇ ದಿನ ಶಾಂತವ್ವ ನನಗೆ ಫೋನ್ ಮಾಡಿದ್ದಳು.

"ಯಾರೋ ಕಾಲೇಜಿನವರು ಕೇಳಾಕತ್ತಿದ್ರು ನಿಮ್ಮ ಬಗ್ಗೆ."

"ಏನ ಹೇಳಿದಿ?"

"ಇದ್ದದ್ದ ಹೇಳ್ದೆ. ಆಕಿ ಒಮ್ಮೆ ನಮ್ಮನ್ನೆಲ್ಲಾ ತಪ್ಪ ಅಳದಿದ್ಲು, ತಪ್ಪೈತಿ ಅಂತ ಸಾಹೇಬ್ರ ಮುಂದ ಆಕೀನ ಹೇಳಿದ್ಲು ಅಂದೆ. ಮತ್ತ ಏನರ ಐತೇನ್ರಿ ಅಂದ್ರು. ಮೂರು ವಾರ ಇಟ್ಟಂಗಿ ಮ್ಯಾಲ ಕುಂತಿದ್ಲು, ಒಮ್ಮೆನೂ ಎದ್ದ ಹೋಗ್ಲಿಲ್ಲ ಅಂದೆ." ಆಮೇಲೆ ಕೇಳಿದಳು, "ಅಷ್ಟು ಸಾಕೇನ್ರಿ, ಇಲ್ಲಾ ಹೊಳ್ಳಿ ಫೋನ್ ಹಚ್ಚಿ ಇನ್ನೊಂದೆರಡು ಹೇಳ್ಲೇನು?"

ಸಾಕು ಎಂದೆ.